ಪುಕ್ಕಟೆ ಕೊಟ್ಟಾಗ ಯಾರೂ ನುಂಗಲಿಲ್ಲ: ವಿಟಮಿನ್ ಡಬ್ಬಿ ಮಾರಿದವನ ಕಥೆ

ದಾವಣಗೆರೆಯ ನಮ್ಮ ಚಿಕ್ಕಮ್ಮನ ಅಡುಗೆಮನೆಯಲ್ಲಿ ಒಂದು ಶೆಲ್ಫ್ ಇದೆ. ಮೊದಲು ಅಲ್ಲಿ ಉಪ್ಪಿನಕಾಯಿ ಜಾಡಿ, ಚಟ್ನಿಪುಡಿ ಡಬ್ಬ ಇರುತ್ತಿದ್ದವು. ನಾಲ್ಕು ವರ್ಷದ ಹಿಂದೆ ಹೋದಾಗ ನೋಡಿದರೆ ಅವೆಲ್ಲ ಕೆಳಗಿಳಿದು, ಬಿಳಿ ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ನಿಂತಿದ್ದವು. ಮಂಡಿಗೊಂದು, ಕಣ್ಣಿಗೊಂದು, ಶಕ್ತಿಗೊಂದು, 'ಇಮ್ಯೂನಿಟಿ'ಗೊಂದು.

"ಇದೆಲ್ಲ ಯಾರು ಕೊಟ್ಟಿದ್ದು ಚಿಕ್ಕಮ್ಮ?" ಅಂದೆ.

"ಬೇರೆ ಯಾರು? ನಮ್ಮ ಓರಗಿತ್ತಿನೇ. ಅವಳು ಕಂಪನಿ ಸೇರ್ಕೊಂಡಿದಾಳೆ ಕಣೇ. 'ಅಕ್ಕಾ, ನನಗೇ ಮಂಡಿನೋವು ಹೋಯ್ತು, ಬೇಕಾದ್ರೆ ನಿಮ್ಮ ಮೈದುನನ್ನೇ ಕೇಳಿ' ಅಂದ್ಲು. ಮನೆಯವಳೇ ಹೇಳಿದ ಮೇಲೆ ಇನ್ನೇನು?"

ಆ ಕಂಪನಿಯ ಹೆಸರು ಇಲ್ಲಿ ಬೇಡ. ಈ ಲೇಖನದಲ್ಲಿ ಮುಂದೆ ಬರುವ ಕಂಪನಿ ಅದಲ್ಲ ಅಂತ ಮಾತ್ರ ಹೇಳಿಬಿಡ್ತೀನಿ. ಆದದ್ದೇನೆಂದರೆ, 'ಶುಗರ್‌ಗೂ ಒಳ್ಳೇದು' ಅನ್ನುವ ಮಾತು ನಂಬಿ ಚಿಕ್ಕಮ್ಮ ಡಾಕ್ಟರ್ ಕೊಟ್ಟ ಮಾತ್ರೆಯನ್ನು ನಿಧಾನಕ್ಕೆ ಬಿಟ್ಟರು. ಯಾರೂ 'ಬಿಡಿ' ಅಂದಿರಲಿಲ್ಲ. 'ಬಿಡಬೇಡಿ' ಅಂತಲೂ ಯಾರೂ ಅಂದಿರಲಿಲ್ಲ. ಮೂರು ತಿಂಗಳಲ್ಲಿ ಕಾಲಿನ ಗಾಯ ಒಣಗದೆ ಆಸ್ಪತ್ರೆ ಸೇರಿದಾಗ ಶುಗರ್ ಮುನ್ನೂರು ದಾಟಿತ್ತು. ಕಾಲು ಉಳಿಯಿತು. ಆದರೆ ಒಂದೇ ಮನೆಗೆ ಸೊಸೆಯರಾಗಿ ಬಂದು ಇಪ್ಪತ್ತೆಂಟು ವರ್ಷ ಜೊತೆಗಿದ್ದ ಇಬ್ಬರು ಹೆಂಗಸರು ಮಾತು ಬಿಟ್ಟರು. ದುಡ್ಡು ಹೋದದ್ದಕ್ಕಿಂತ ಅದೇ ದೊಡ್ಡ ನಷ್ಟ.

ಆಗಿನಿಂದ ನನಗೊಂದು ಪ್ರಶ್ನೆ ಕಾಡ್ತಿತ್ತು. ಔಷಧಿಯೂ ಅಲ್ಲದ, ಊಟವೂ ಅಲ್ಲದ ಈ ಡಬ್ಬಿಯನ್ನು ಅಂಗಡಿಯವನ ಬದಲು ಓರಗಿತ್ತಿ ಕೈಯಲ್ಲಿ ಮಾರಿಸಬೇಕು ಅಂತ ಮೊದಲು ಯಾರಿಗೆ ಹೊಳೆಯಿತು? ಹುಡುಕುತ್ತಾ ಹೋದರೆ ಸಿಕ್ಕವನು ಕಾರ್ಲ್ ರೆನ್‌ಬೋರ್ಗ್ ಅನ್ನುವ ಅಮೆರಿಕನ್.

ಶಾಂಘೈನಲ್ಲಿ ಸೊಪ್ಪಿನ ಸಾರು

ರೆನ್‌ಬೋರ್ಗ್ ಹುಟ್ಟಿದ್ದು 1887ರಲ್ಲಿ, ಫ್ಲಾರಿಡಾದಲ್ಲಿ. ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಕೆಲಸ ಹುಡುಕಿಕೊಂಡು 1915ರ ಹೊತ್ತಿಗೆ ಚೀನಾಕ್ಕೆ ಹೋದವನು ಮೊದಲು ಎಣ್ಣೆ ಕಂಪನಿಯಲ್ಲಿ ಲೆಕ್ಕ ಬರೆದ. ಆಮೇಲೆ ಅಮೆರಿಕದ ಕಂಪನಿಗಳ ಹಾಲಿನ ಡಬ್ಬ, ಸೋಪು, ಟೂತ್‌ಪೇಸ್ಟ್ ಅಲ್ಲಿ ಮಾರಿಸುವ ಕೆಲಸ. ಇವತ್ತಿನ ಭಾಷೆಯಲ್ಲಿ ಹೇಳೋದಾದ್ರೆ ಫಾರಿನ್ ಪೋಸ್ಟಿಂಗ್ ಸಿಕ್ಕ ಸೇಲ್ಸ್ ಮ್ಯಾನೇಜರ್.

ಅದು ಪೌಷ್ಟಿಕತೆಯ ವಿಜ್ಞಾನ ಕಣ್ಣುಬಿಡುತ್ತಿದ್ದ ಕಾಲ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಮಾಡಿದ ಅಕ್ಕಿ ತಿಂದ ಕೋಳಿಗಳು ಬೆರಿಬೆರಿಯಂಥ ರೋಗ ಬಂದು ಕಾಲು ಸೋತು ಬೀಳುವುದನ್ನು, ತೌಡಿರುವ ಅಕ್ಕಿ ಕೊಟ್ಟರೆ ಚೇತರಿಸಿಕೊಳ್ಳುವುದನ್ನು ಕಂಡಿದ್ದ. 1912ರಲ್ಲಿ ಕಾಸಿಮಿರ್ ಫಂಕ್ ಇಂಥ ಪದಾರ್ಥಗಳಿಗೆ 'ವಿಟಮೀನ್' ಅಂತ ಹೆಸರಿಟ್ಟ. ನಮ್ಮ ಪಕ್ಕದ ನೀಲಗಿರಿಯ ಕೂನೂರಿನಲ್ಲಿ ಮೆಕ್‌ಕ್ಯಾರಿಸನ್ ಇಲಿಗಳಿಗೆ ಬೇರೆ ಬೇರೆ ಪ್ರಾಂತ್ಯದವರ ಊಟ ತಿನ್ನಿಸಿ, ಯಾವುದು ಮೈಗೆ ಹಿಡಿಯುತ್ತದೆ ಅಂತ ನೋಡಿದ್ದೂ ಇದೇ ಕಾಲಘಟ್ಟದಲ್ಲಿ. ಹೊಟ್ಟೆ ತುಂಬಿದರೂ ದೇಹಕ್ಕೆ ಏನೋ ಕಡಿಮೆ ಬೀಳಬಹುದು ಅನ್ನುವುದು ಆಗಿನ ಜನಕ್ಕೆ ಹೊಚ್ಚಹೊಸ ವಿಚಾರ.

ರೆನ್‌ಬೋರ್ಗ್ ಇದನ್ನೆಲ್ಲ ಓದುತ್ತಿದ್ದ. ಚೀನಾದಲ್ಲಿ ಬಡ ರೈತರನ್ನೂ ನಗರದ ಶ್ರೀಮಂತರನ್ನೂ ನೋಡುತ್ತಿದ್ದ. 1926-27ರಲ್ಲಿ ಶಾಂಘೈನಲ್ಲಿ ಅಂತರ್ಯುದ್ಧದ ಗಲಾಟೆ ಎದ್ದು ಊಟಕ್ಕೇ ತತ್ವಾರವಾಯಿತು. ಆಗ ಆತ ಸಿಕ್ಕ ಸೊಪ್ಪುಸದೆ ಕುದಿಸಿ, ಅದಕ್ಕೆ ಪ್ರಾಣಿಗಳ ಮೂಳೆ ಹಾಕಿ, ಕಬ್ಬಿಣದ ಅಂಶಕ್ಕೆ ಅಂತ ತುಕ್ಕು ಹಿಡಿದ ಮೊಳೆಗಳನ್ನೂ ಹಾಕಿ ಸಾರು ಮಾಡಿ ಕುಡಿದನಂತೆ, ಸ್ನೇಹಿತರಿಗೂ ಕುಡಿಸಿದನಂತೆ. 'ಅಂತೆ' ಅನ್ನೋದು ಯಾಕೆಂದರೆ ಇದು ಆತನ ಕಂಪನಿ ದಶಕಗಳಿಂದ ಹೇಳಿಕೊಂಡು ಬಂದಿರುವ ಕಥೆ. ಇವತ್ತು ಪ್ರತಿ ಸ್ಟಾರ್ಟಪ್‌ಗೂ ಒಂದು 'ಫೌಂಡರ್ ಸ್ಟೋರಿ' ಇರುತ್ತಲ್ಲ, ಹಾಗೆ.

ಫ್ರೀ ಸ್ಯಾಂಪಲ್ ಕಲಿಸಿದ ಪಾಠ

1927ರಲ್ಲಿ ಆತ ಅಮೆರಿಕಕ್ಕೆ ವಾಪಸಾದ. ಕೈಯಲ್ಲಿ ದುಡ್ಡಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಜಾಗ ಮಾಡಿಕೊಂಡು ಗಿಡಗಳಿಂದ ಸಾರ ತೆಗೆಯುವ ಪ್ರಯೋಗ ಶುರು ಮಾಡಿದ. ಆರಿಸಿಕೊಂಡ ಮುಖ್ಯ ಬೆಳೆ ಆಲ್ಫಾಲ್ಫಾ. ನಮ್ಮ ಹೈನುಗಾರರು ಲೂಸರ್ನ್, ಕುದುರೆ ಮೆಂತೆ ಅಂತ ಹಸುಗಳಿಗೆ ಬೆಳೆಯುವ ಮೇವಿನ ಗಿಡ ಅದೇ. ಬೇರು ಆಳಕ್ಕೆ ಇಳಿಯುತ್ತದೆ, ಆದ್ದರಿಂದ ಮಣ್ಣಿನ ಖನಿಜಗಳನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ ಅನ್ನೋದು ಆತನ ತರ್ಕ. ಅದರ ಜೊತೆಗೆ ಪಾರ್ಸ್ಲಿ, ವಾಟರ್‌ಕ್ರೆಸ್ ಸೊಪ್ಪು.

ತಯಾರಾದ ವಸ್ತುವನ್ನು ಸ್ನೇಹಿತರಿಗೆ ಪುಕ್ಕಟೆ ಹಂಚಿದ. 'ತಗೊಂಡು ನೋಡಿ, ಹೇಗನ್ನಿಸಿತು ಹೇಳಿ' ಅಂದ. ಕೆಲವು ದಿನ ಬಿಟ್ಟು ಹೋಗಿ ಕೇಳಿದರೆ ಡಬ್ಬಿಗಳು ತೆರೆಯದೆ ಹಾಗೇ ಕೂತಿವೆ! ಆಗ ಆತ ದುಡ್ಡು ಕೇಳಲು ಶುರು ಮಾಡಿದ. ದುಡ್ಡು ಕೊಟ್ಟವರು ತಪ್ಪದೆ ನುಂಗಿದರು. ನುಂಗಿದವರು 'ಏನೋ ಆರಾಮ ಅನ್ನಿಸ್ತಿದೆ' ಅಂದರು. ಅಂದವರು ಪಕ್ಕದ ಮನೆಯವರಿಗೂ ಹೇಳಿದರು.

ಕಂಪನಿಯೇ ಹೆಮ್ಮೆಯಿಂದ ಹೇಳುವ ಈ ಪ್ರಸಂಗವನ್ನು ಇನ್ನೊಮ್ಮೆ ಓದಿ. ಎರಡೂ ಸಲ ಡಬ್ಬಿಯ ಒಳಗಿದ್ದದ್ದು ಒಂದೇ ಪುಡಿ. ಬದಲಾದದ್ದು ಬೆಲೆ ಮಾತ್ರ. ದುಡ್ಡು ಕೊಟ್ಟ ಮೇಲೆ 'ನನಗೇನೂ ಆಗಲಿಲ್ಲ' ಅಂತ ಒಪ್ಪಿಕೊಳ್ಳುವುದು ಕಷ್ಟ. ಒಪ್ಪಿಕೊಂಡರೆ ಮೋಸ ಹೋದವರು ನಾವೇ ಆಗ್ತೀವಲ್ಲ! ಜಿಮ್‌ನಲ್ಲಿ ಮೂರು ಸಾವಿರದ ಪ್ರೋಟೀನ್ ಡಬ್ಬ ಕೊಂಡವರು 'ಒಳ್ಳೇ ರಿಸಲ್ಟ್ ಗುರೂ' ಅನ್ನುವುದರಲ್ಲಿ ಪ್ರೋಟೀನ್ ಎಷ್ಟು, ಮೂರು ಸಾವಿರ ಎಷ್ಟು ಅಂತ ಬಿಡಿಸಿ ಹೇಳೋದು ಅವರಿಗೂ ಕಷ್ಟವೇ.

1934ರಲ್ಲಿ ಆತ ಕ್ಯಾಲಿಫೋರ್ನಿಯಾ ವಿಟಮಿನ್ ಕಾರ್ಪೊರೇಷನ್ ಶುರು ಮಾಡಿದ. 1939ರಲ್ಲಿ ಅದಕ್ಕೆ ನ್ಯೂಟ್ರಿಲೈಟ್ ಅಂತ ಹೊಸ ಹೆಸರಾಯಿತು. ವ್ಯಾಪಾರ ನಡೆಯುತ್ತಿತ್ತು, ಆದರೆ ಓಡುತ್ತಿರಲಿಲ್ಲ.

ಮನಶ್ಶಾಸ್ತ್ರಜ್ಞ ಮತ್ತು ಸಮಾಧಿ ಜಾಗ ಮಾರುವವನು

ಓಡಿಸಲು ಇಬ್ಬರು ಬಂದರು. ಒಬ್ಬ ವಿಲಿಯಂ ಕ್ಯಾಸಲ್‌ಬೆರಿ, ಮನಶ್ಶಾಸ್ತ್ರಜ್ಞ. ಇನ್ನೊಬ್ಬ ಲೀ ಮೈಟಿಂಗರ್, ಸ್ಮಶಾನದಲ್ಲಿ ಸಮಾಧಿಯ ಜಾಗ ಮಾರುತ್ತಿದ್ದ ಸೇಲ್ಸ್‌ಮನ್. ಬದುಕಿರುವವರಿಗೆ ಅವರದೇ ಗೋರಿಯ ಜಾಗ ಮಾರಬಲ್ಲವನಿಗೆ ವಿಟಮಿನ್ ಮಾರೋದು ಎಷ್ಟರ ಕೆಲಸ! 1945ರಲ್ಲಿ ಇವರಿಬ್ಬರ ಸಂಸ್ಥೆ ನ್ಯೂಟ್ರಿಲೈಟ್‌ನ ಮಾರಾಟದ ಪೂರ್ತಿ ಹಕ್ಕು ಪಡೆಯಿತು.

ಅವರು ತಂದ ವ್ಯವಸ್ಥೆ ಹೀಗಿತ್ತು. ನೀವು ಡಬ್ಬಿ ಮಾರಿದರೆ ಲಾಭದಲ್ಲಿ ನಿಮಗೊಂದು ಪಾಲು. ನಿಮ್ಮ ಗಿರಾಕಿಯನ್ನೇ ಮಾರಾಟಗಾರನನ್ನಾಗಿ ಮಾಡಿದರೆ, ಅವನು ಮಾರಿದ್ದರಲ್ಲೂ ನಿಮಗೊಂದು ಪಾಲು. ಅವನು ಇನ್ನೊಬ್ಬನನ್ನು ಸೇರಿಸಿದರೆ ಸರಪಳಿ ಮುಂದುವರಿಯುತ್ತದೆ. ಇವತ್ತು ನಾವು ಮಲ್ಟಿ ಲೆವೆಲ್ ಮಾರ್ಕೆಟಿಂಗ್, 'ಚೈನ್ ಲಿಂಕ್' ಅನ್ನುವುದಕ್ಕೆ ಮೊದಲ ದೊಡ್ಡ ಮಾದರಿ ಇದೇ ಅಂತ ಗುರುತಿಸುತ್ತಾರೆ.

ಇದರಲ್ಲಿ ಅಂಗಡಿ ಬಾಡಿಗೆ ಇಲ್ಲ, ಜಾಹೀರಾತಿನ ಖರ್ಚಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಾರುವವನೇ ಜಾಹೀರಾತು. 'ನನಗೇ ವಾಸಿಯಾಯ್ತು' ಅನ್ನುವ ಮಾತಿಗೆ ಲ್ಯಾಬ್ ರಿಪೋರ್ಟ್ ಕೇಳೋರು ಯಾರು? ಪಕ್ಕದ ಮನೆಯವಳನ್ನು, ಭಾವನನ್ನು, ಚರ್ಚಿನಲ್ಲಿ ಜೊತೆಗೆ ಕೂರುವವನನ್ನು 'ಸಾಕ್ಷಿ ತೋರ್ಸು' ಅನ್ನೋಕಾಗುತ್ತಾ?

ಐವತ್ತು ಕಾಯಿಲೆಗೆ ಒಂದೇ ಡಬ್ಬಿ

ಮಾರಾಟಗಾರರ ಕೈಯಲ್ಲಿ ಒಂದು ಪುಸ್ತಿಕೆ ಇರುತ್ತಿತ್ತು. 'ಗುಣಮುಖರಾಗುವುದು ಹೇಗೆ, ಆರೋಗ್ಯವಾಗಿ ಇರುವುದು ಹೇಗೆ' ಅನ್ನುವ ಅರ್ಥದ ಹೆಸರು. ಅದರ ತುಂಬ ಗುಣವಾದವರ ಕಥೆಗಳು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟ್ ತನ್ನ ತೀರ್ಪಿನಲ್ಲಿ ಆ ಕಾಯಿಲೆಗಳ ಪಟ್ಟಿಯನ್ನೇ ದಾಖಲಿಸಿತು. ಅಲ್ಸರ್, ಅಸ್ತಮಾ, ರಕ್ತಹೀನತೆ, ಸಂಧಿವಾತ ಇವೆ, ಸರಿ. ಲೋ ಬಿಪಿಯೂ ಇದೆ, ಹೈ ಬಿಪಿಯೂ ಇದೆ. ತೂಕ ಕಡಿಮೆ ಇರುವವರಿಗೂ ಆಗುತ್ತೆ, ಜಾಸ್ತಿ ಇರುವವರಿಗೂ ಆಗುತ್ತೆ. ಕಿವುಡುತನ ಇದೆ. ಸಣ್ಣ ಸಣ್ಣ ವಿಷಯಕ್ಕೆ ಚಿಂತೆ ಮಾಡುವುದು, ಹುಳಿ ತಿನ್ನುವ ಚಪಲ, ಕೊನೆಗೆ ಜೀವನದಲ್ಲಿ ಮುಂದೆ ಬರುವ ಆಸೆಯೇ ಇಲ್ಲದಿರುವುದು ಕೂಡ ಆ ಪಟ್ಟಿಯಲ್ಲಿವೆ!

ಡಬ್ಬಿಯಲ್ಲಿದ್ದದ್ದು ಸೊಪ್ಪಿನ ಸಾರ, ವಿಟಮಿನ್‌ಗಳು, ಖನಿಜಗಳ ಮಾತ್ರೆ. ಬೆಲೆ ಸುಮಾರು 20 ಡಾಲರ್, ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. 1948ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹನ್ನೊಂದು ಕಡೆ ಮಾಲು ಜಪ್ತಿ ಮಾಡಿತು. ಡಬ್ಬಿಯಲ್ಲಿ ವಿಷ ಇದೆ ಅಂತ ಇಲಾಖೆ ಹೇಳಲಿಲ್ಲ. ಡಬ್ಬಿ ಜೊತೆ ಕೊಡುವ ಪುಸ್ತಿಕೆ ಜನರ ದಾರಿ ತಪ್ಪಿಸುತ್ತಿದೆ, ಅದರಿಂದ ಅವರಿಗೆ ಹಾನಿ ಅಂತ ಹೇಳಿತು. ಮಾರಾಟ ಸಂಸ್ಥೆ ಕೋರ್ಟಿಗೆ ಹೋಯಿತು. 1950ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ಜಪ್ತಿಗೆ ಮೊದಲು ಕಂಪನಿಯ ವಾದ ಕೇಳಲೇಬೇಕೆಂದಿಲ್ಲ, ಆಮೇಲೆ ಕೋರ್ಟಿನಲ್ಲಿ ವಾದಿಸಲು ಅವಕಾಶ ಇದ್ದೇ ಇದೆ ಅಂದಿತು. 1951ರಲ್ಲಿ ಎರಡೂ ಕಡೆ ಒಪ್ಪಂದಕ್ಕೆ ಬಂದು, ರೋಗ ವಾಸಿ ಮಾಡುತ್ತದೆ ಅನ್ನುವ ಮಾತುಗಳಿಗೆ ಕೋರ್ಟ್ ಆದೇಶದ ಬೇಲಿ ಬಿತ್ತು.

ಸೋಲು ಅನ್ನಿಸುತ್ತೆ ಅಲ್ವಾ? ವ್ಯಾಪಾರಕ್ಕೆ ಆದದ್ದು ಸೋಲಲ್ಲ. 'ವಾಸಿ ಮಾಡುತ್ತೆ' ಅಂತ ಬರೆಯುವಂತಿಲ್ಲ, ಸರಿ. 'ಪೋಷಣೆ ಕೊಡುತ್ತೆ', 'ಬೆಂಬಲಿಸುತ್ತೆ', 'ಶಕ್ತಿ ತುಂಬುತ್ತೆ' ಅಂತ ಬರೆಯಬಹುದಲ್ಲ! ಇವತ್ತಿನ ಡಬ್ಬಿಗಳ ಮೇಲಿನ ಭಾಷೆ ಅದೇ. ಉಳಿದದ್ದನ್ನು ಓರಗಿತ್ತಿ ಬಾಯಲ್ಲಿ ಹೇಳ್ತಾಳೆ. ಬಾಯಿಮಾತಿಗೆ ಲೇಬಲ್ ಎಲ್ಲಿರುತ್ತೆ?

ಮಾತ್ರೆಗಿಂತ ದೊಡ್ಡದಾದ ಸರಪಳಿ

1949ರಲ್ಲಿ ಮಿಶಿಗನ್‌ನ ಇಬ್ಬರು ಯುವಕರು ನ್ಯೂಟ್ರಿಲೈಟ್ ವಿತರಕರಾಗಿ ಸೇರಿದರು: ಜೇ ವ್ಯಾನ್ ಆಂಡೆಲ್ ಮತ್ತು ರಿಚ್ ಡಿವೋಸ್. ಅವರನ್ನು ಸೇರಿಸಿದ್ದು ಯಾರು ಗೊತ್ತಾ? ವ್ಯಾನ್ ಆಂಡೆಲ್‌ನ ಸಂಬಂಧಿಕನೇ. ಹತ್ತು ವರ್ಷದಲ್ಲಿ ದೊಡ್ಡ ಜಾಲ ಕಟ್ಟಿದ ಇವರಿಗೆ, ರೆನ್‌ಬೋರ್ಗ್ ಕಂಪನಿಗೂ ಅದರ ಮಾರಾಟ ಸಂಸ್ಥೆಗೂ ಜಗಳ ಎದ್ದದ್ದು ಚಿಂತೆಯಾಯಿತು. ತಮ್ಮದೇ ಸರಕಿರಲಿ ಅಂತ 1959ರಲ್ಲಿ ಸ್ವಂತ ಕಂಪನಿ ಶುರು ಮಾಡಿದರು. ಅದೇ ಆಮ್‌ವೇ. ಮೊದಲು ಮಾರಿದ್ದು ವಿಟಮಿನ್ ಅಲ್ಲ, ಮನೆ ತೊಳೆಯುವ ಲಿಕ್ವಿಡ್. ಅಂದರೆ ಸರಪಳಿ ಗಟ್ಟಿಯಿದ್ದರೆ ಅದರಲ್ಲಿ ಏನು ಬೇಕಾದರೂ ಕಳಿಸಬಹುದು ಅಂತ ಗೊತ್ತಾಯಿತು.

1972ರಲ್ಲಿ ಆಮ್‌ವೇ ನ್ಯೂಟ್ರಿಲೈಟ್‌ನ ಬಹುಪಾಲು ಷೇರು ಕೊಂಡಿತು. ವಿತರಕರಾಗಿ ಬಂದವರೇ ಮಾಲೀಕರಾದರು. ಮರುವರ್ಷ, 1973ರಲ್ಲಿ, ರೆನ್‌ಬೋರ್ಗ್ ತನ್ನ 85ನೇ ವಯಸ್ಸಿನಲ್ಲಿ ತೀರಿಕೊಂಡ. ಮಗ ಸ್ಯಾಮ್ ಕಂಪನಿಯ ಕೆಲಸ ಮುಂದುವರಿಸಿದ.

ಆತನನ್ನು ಬರೀ ಮೋಸಗಾರ ಅಂದರೆ ಅನ್ಯಾಯವಾಗುತ್ತದೆ. ಬೇಕಾದ ಗಿಡಗಳನ್ನು ತನ್ನದೇ ಹೊಲದಲ್ಲಿ ಬೆಳೆಸಿದ, ಮಣ್ಣು ಚೆನ್ನಾಗಿದ್ದರೆ ತಾನೇ ಬೆಳೆ ಚೆನ್ನಾಗಿರೋದು ಅಂತ ನಂಬಿದ್ದ. ಸೊಪ್ಪು ತರಕಾರಿ ತಿನ್ನಿ ಅನ್ನುವ ಅವನ ಮೂಲ ಮಾತಿನಲ್ಲಿ ತಪ್ಪೇನೂ ಇಲ್ಲ. ಆದರೆ ಹೊಲದಲ್ಲಿ ಬೆಳೆದದ್ದಕ್ಕಿಂತ ವೇಗವಾಗಿ ಜನರ ಬಾಯಲ್ಲಿ ಬೆಳೆದ ಮಾತು ಅವನ ಕೈ ಮೀರಿ ಹೋಯಿತು. ಆ ಮಾತಿನಿಂದ ಬಂದ ಲಾಭವನ್ನು ಆತ ಬೇಡ ಅನ್ನಲೂ ಇಲ್ಲ.

ನಮ್ಮ ಮನೆ ಬಾಗಿಲಿಗೆ

1998ರಲ್ಲಿ ಆಮ್‌ವೇ ಭಾರತದಲ್ಲಿ ವ್ಯಾಪಾರ ಶುರು ಮಾಡಿತು. ಆಮೇಲೆ ಅದೇ ಮಾದರಿಯ ಎಷ್ಟೋ ದೇಶಿ, ವಿದೇಶಿ ಕಂಪನಿಗಳು ಬಂದವು. ಬೆಂಗಳೂರಿನ ಹೋಟೆಲ್ ಹಾಲ್‌ನಲ್ಲಿ ಭಾನುವಾರದ 'ಮೀಟಿಂಗ್', ಕೋಟು ಹಾಕಿಕೊಂಡ ಪರಿಚಯಸ್ಥರು, ಚಪ್ಪಾಳೆ, ಪರದೆ ಮೇಲೆ ಕಾರಿನ ಫೋಟೋ. 'ಏನು ವಿಷಯ ಅಂತ ಫೋನಲ್ಲಿ ಹೇಳೋಕಾಗಲ್ಲ, ಬಾ' ಅಂತ ಹಳೇ ಕ್ಲಾಸ್‌ಮೇಟ್ ಕರೆದಿದ್ದರೆ ನಿಮಗೂ ಇದು ಗೊತ್ತಿರುತ್ತೆ.

ಇದು ಕಾನೂನುಬದ್ಧವೋ ಅಲ್ಲವೋ ಅನ್ನುವ ಪ್ರಶ್ನೆ ಹಳೆಯದು. 1979ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಮ್‌ವೇ ಅಕ್ರಮ ಪಿರಮಿಡ್ ಅಲ್ಲ ಅಂದಿತು, ಆದರೆ ಆದಾಯದ ಬಗ್ಗೆ ಉತ್ಪ್ರೇಕ್ಷೆ ಮಾಡಿದ್ದಕ್ಕೆ, ಬೆಲೆ ನಿಯಂತ್ರಿಸಿದ್ದಕ್ಕೆ ತಪ್ಪು ಹೊರಿಸಿತು. ಪಿರಮಿಡ್ ಅಲ್ಲ ಅನ್ನಲು ಕಾರಣವಾದದ್ದು ಕಂಪನಿಯ ಮೂರು ನಿಯಮ: ಉಳಿದ ಮಾಲು ವಾಪಸ್ ತಗೊಳ್ಳುವುದು, ಕೊಂಡ ಮಾಲಿನಲ್ಲಿ ಶೇ 70ರಷ್ಟು ಮಾರಿರಬೇಕು ಅನ್ನುವುದು, ತಿಂಗಳಿಗೆ ಹತ್ತು ಬೇರೆ ಬೇರೆ ಗಿರಾಕಿಗಳಿಗೆ ಮಾರಿರಬೇಕು ಅನ್ನುವುದು. ನಮ್ಮಲ್ಲಿ 1978ರ ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಇದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಯನ್ನು ನಿಷೇಧಿಸಿವೆ. 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಪಿರಮಿಡ್ ವಂಚನೆಯ ಆರೋಪದ ಮೇಲೆ ಆಮ್‌ವೇ ಇಂಡಿಯಾದ 757.77 ಕೋಟಿ ರೂಪಾಯಿ ಆಸ್ತಿ ಮುಟ್ಟುಗೋಲು ಹಾಕಿಕೊಂಡಿತು. ಇದು ಹಳೆಯ ತನಿಖೆಯ ಮುಂದುವರಿಕೆ, ತಾನು ಸಹಕರಿಸುತ್ತಿದ್ದೇನೆ ಅಂತ ಕಂಪನಿ ಹೇಳಿತು.

ಯಾವುದೇ ಕಂಪನಿಗೆ ಸೇರುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಇದರಲ್ಲೇ ಇದೆ. ದುಡ್ಡು ಬರುತ್ತಿರೋದು ಡಬ್ಬಿ ಬೇಕು ಅಂತ ಕೊಳ್ಳುವ ಹೊರಗಿನ ಗಿರಾಕಿಯಿಂದಲೋ, ಹೊಸದಾಗಿ ಸೇರುವವರ ಜೇಬಿನಿಂದಲೋ? ಉಳಿದ ಮಾಲು ವಾಪಸ್ ತಗೋತಾರಾ? ಲಿಖಿತವಾಗಿ ಕೊಡ್ತಾರಾ?

ಇನ್ನು ಡಬ್ಬಿಯ ವಿಷಯ. ಪೂರಕಗಳು ಬೇಡವೇ ಬೇಡ ಅಂತಲ್ಲ. ಗರ್ಭಿಣಿಯರಿಗೆ ಕಬ್ಬಿಣ, ಫೋಲಿಕ್ ಆಸಿಡ್ ಮಾತ್ರೆಯನ್ನು ಸರ್ಕಾರವೇ ಕೊಡುತ್ತದೆ. ಸಸ್ಯಾಹಾರಿಗಳಲ್ಲಿ ಬಿ12, ದಿನವಿಡೀ ಎಸಿ ರೂಮಿನಲ್ಲಿ ಕೂರುವವರಲ್ಲಿ ವಿಟಮಿನ್ ಡಿ ಕಡಿಮೆ ಇರಬಹುದು. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತೆ, ಡಾಕ್ಟರ್ ಎಷ್ಟು ದಿನ ಅಂತ ಬರೆದು ಕೊಡ್ತಾರೆ. ಆದರೆ ಎ, ಡಿ ವಿಟಮಿನ್‌ಗಳು, ಕಬ್ಬಿಣ ಹೆಚ್ಚಾದರೆ ಮೈಯಲ್ಲಿ ಉಳಿದು ತೊಂದರೆ ಕೊಡುತ್ತವೆ. ರಕ್ತ ತೆಳು ಮಾಡುವ ಕೆಲವು ಮಾತ್ರೆಗಳ ಕೆಲಸವನ್ನು ವಿಟಮಿನ್ ಕೆ ಕೆಡಿಸುತ್ತದೆ. ಅದಕ್ಕೇ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಇಂಥ ಡಬ್ಬಿಗಳ ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಅಂತ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಅಚ್ಚು ಹಾಕಿರಲೇಬೇಕು. ಮನೆಯಲ್ಲಿರುವ ಡಬ್ಬಿ ತಿರುಗಿಸಿ ನೋಡಿ, ಸಿಗುತ್ತೆ.

ಚಿಕ್ಕಮ್ಮನ ಡಬ್ಬಿಗಳ ಮೇಲೂ ಅದು ಇತ್ತು. ಅವರಿಗೆ ಇಂಗ್ಲಿಷ್ ಬರಲ್ಲ. ಓದಿ ಹೇಳಬೇಕಾದವರು ನಾವು, ಫೋನ್ ಹಿಡಿದುಕೊಂಡು ಪಕ್ಕದ ರೂಮಿನಲ್ಲಿ ಕೂತಿದ್ದೆವು.

ಕಳೆದ ಯುಗಾದಿಗೆ ದಾವಣಗೆರೆಗೆ ಹೋಗಿದ್ದೆ. ಶೆಲ್ಫಿನಲ್ಲಿ ಮತ್ತೆ ಉಪ್ಪಿನಕಾಯಿ ಜಾಡಿ. ಸಂಜೆ ಬಾಗಿಲಲ್ಲಿ ಯಾರೋ ನಿಂತಿದ್ದರು. ಓರಗಿತ್ತಿ. ಕೈಯಲ್ಲಿ ಸ್ಟೀಲ್ ಡಬ್ಬಿ, ಒಳಗೆ ಹೋಳಿಗೆ. "ಅಕ್ಕಾ, ನಿಮಗೆ ಶುಗರ್ ಅಂತ ಬೆಲ್ಲ ಕಡಿಮೆ ಹಾಕಿದೀನಿ. ಅರ್ಧವೇ ತಿನ್ನಿ" ಅಂದರು. ಚಿಕ್ಕಮ್ಮ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಬಾ, ಒಳಗೆ ಬಾ. ಕಾಫಿ ಇಡ್ತೀನಿ" ಅಂದರು.

ಅವರೂ ಆ ಕಂಪನಿ ಬಿಟ್ಟು ಒಂದು ವರ್ಷವಾಗಿತ್ತಂತೆ. ಮಾರದೆ ಉಳಿದ ಡಬ್ಬಿಗಳು ಅವರ ಮಂಚದ ಕೆಳಗೆ ಇನ್ನೂ ಇವೆಯಂತೆ.